ಹೊಲದಲ್ಲಿ ಸಿಕ್ಕ ಖೋಟಾ ನಾಣ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗ. ಬಿಡುವಿದ್ದಾಗ ರೈತರ ಒಪ್ಪಿಗೆ ಪಡೆದು, ಮೆಟಲ್ ಡಿಟೆಕ್ಟರ್ ಹಿಡಿದು ಉತ್ತ ಹೊಲಗಳಲ್ಲಿ ಓಡಾಡುತ್ತೇನೆ. ಹಳೆಯ ಕಾಲದ ಖೋಟಾ ನಾಣ್ಯಗಳ ಮೇಲೆ ನನಗೆ ವಿಶೇಷ ಪ್ರೀತಿ. ಇಲ್ಲಿರುವ ಕನ್ನಡದ ಗೆಳೆಯರು, ಊರಿನ ನೆಂಟರು, ಪತ್ರ ಬರೆಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ‘ಹಳೆಯ ಖೋಟಾ’ ಅಂದರೆ ಆಯಾ ಕಾಲದಲ್ಲೇ ಜನರನ್ನು ಯಾಮಾರಿಸಿ ಚಲಾಯಿಸಲು ಮಾಡಿದ ನಾಣ್ಯ. ಈಗಿನವರು ಸಂಗ್ರಹಕಾರರಿಗೆ ಟೋಪಿ ಹಾಕಲು ಮಾಡುವ ನಕಲಿಗಳ ವಿಷಯ ಬೇರೆ.

## ಹೊಸಬರ ಪ್ರಶ್ನೆಗಳು

ಖೋಟಾ ಅಂತ ಗೊತ್ತಾದ ಮೇಲೂ ಯಾಕೆ ಇಟ್ಕೊಳ್ತೀರಿ? ಎಸೆದುಬಿಡೋದಲ್ವಾ?

ದಯವಿಟ್ಟು ಎಸೆಯಬೇಡಿ. ಅಸಲಿ ನಾಣ್ಯದ ಬಗ್ಗೆ ಟಂಕಸಾಲೆಯ ಲೆಕ್ಕಪತ್ರ ಇರುತ್ತದೆ. ಯಾವ ವರ್ಷ, ಎಷ್ಟು ತೂಕ, ಯಾರು ಅಚ್ಚು ಕೆತ್ತಿದರು ಎಲ್ಲ ಸಿಗುತ್ತದೆ. ಖೋಟಾ ಮಾಡಿದವನು ಯಾವ ಲೆಕ್ಕವನ್ನೂ ಬರೆದಿಡಲಿಲ್ಲ, ಬರೆದಿದ್ದರೆ ನೇಣಿಗೆ ಹೋಗುತ್ತಿದ್ದ. ಅವನ ಕೆಲಸಕ್ಕೆ ಉಳಿದಿರುವ ಸಾಕ್ಷಿ ಆ ನಾಣ್ಯ ಮತ್ತು ಅದು ಸಿಕ್ಕ ಜಾಗ, ಅಷ್ಟೇ.

ಇನ್ನೊಂದು ಮಾತು. 1787ರಲ್ಲಿ ಬ್ರಿಟನ್ನಿನ ರಾಯಲ್ ಮಿಂಟ್, ಅಂದರೆ ರಾಜನ ಟಂಕಸಾಲೆ, ಚಲಾವಣೆಯಲ್ಲಿದ್ದ ತಾಮ್ರದ ಅರ್ಧ ಪೆನ್ನಿಗಳನ್ನು ಪರೀಕ್ಷೆ ಮಾಡಿಸಿತು. ಒಂದು ಮಟ್ಟಿಗಾದರೂ ರಾಜನ ನಾಣ್ಯದಂತೆ ಕಂಡದ್ದು ನೂರಕ್ಕೆ ಸುಮಾರು 8 ಮಾತ್ರ. ಅಂದರೆ ಆಗಿನ ಕೂಲಿಕಾರರು ಬ್ರೆಡ್ಡು, ಬಿಯರು ಕೊಂಡದ್ದು ಹೆಚ್ಚಾಗಿ ಖೋಟಾ ಕಾಸಿನಲ್ಲೇ. ಬಡವರ ಕೈಯಲ್ಲಿ ನಿಜವಾಗಿ ಓಡಾಡಿದ ದುಡ್ಡು ಅದು. ನನಗೆ ಅದು ಮ್ಯೂಸಿಯಮ್ಮಿನ ಚಿನ್ನದ ಗಿನಿಗಿಂತ ಹತ್ತಿರದ್ದು.

ನಾನು ಬೆಂಗಳೂರಲ್ಲಿದ್ದೀನಿ. ಆನ್‌ಲೈನಲ್ಲಿ ಡಿಟೆಕ್ಟರ್ ತರಿಸಿ ನಮ್ಮೂರ ಹೊಲದಲ್ಲಿ ಹುಡುಕಬಹುದಾ?

ಬೇಡ. ಇಂಗ್ಲೆಂಡಿನಲ್ಲಿ ಇದು ಕಾನೂನು ಒಪ್ಪಿದ ಹವ್ಯಾಸ. ಭಾರತದಲ್ಲಿ ಹಾಗಲ್ಲ. 1878ರ ನಿಧಿ ಕಾಯಿದೆಯ ಪ್ರಕಾರ ನೆಲದಲ್ಲಿ ಹುದುಗಿರುವ, 10 ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಕರ್ನಾಟಕಕ್ಕೆ 1962ರದ್ದೇ ಒಂದು ನಿಧಿ ಕಾಯಿದೆ ಇದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆಯಲ್ಲಿ ಪುರಾತನ ವಸ್ತು. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅಗೆದರೆ ನೇರ ಅಪರಾಧ.

ಕಾನೂನಿಗಿಂತ ನನಗೆ ಹೆಚ್ಚು ನೋವಾಗುವುದು ನಮ್ಮಲ್ಲಿನ ನಿಧಿ ಹುಚ್ಚು. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿಗಳ್ಳರು ಒಡೆದು ಹಾಕಿದರು. ಗರ್ಭಗುಡಿ ಅಗೆಯುವುದು, ನಂದಿಯ ಹೊಟ್ಟೆ ಸೀಳುವುದು ನಮ್ಮ ಕಡೆ ಹೊಸದೇನಲ್ಲ. ಊರಲ್ಲಿ ಪಾಯ ತೋಡುವಾಗಲೋ ಹೊಲ ಉಳುವಾಗಲೋ ತಾನಾಗಿ ನಾಣ್ಯ ಸಿಕ್ಕರೆ ತಹಶೀಲ್ದಾರರಿಗೋ ಪುರಾತತ್ವ ಇಲಾಖೆಗೋ ಹೇಳಿ. ಹುಡುಕಿಕೊಂಡು ಹೋಗಬೇಡಿ.

ಇಂಗ್ಲೆಂಡಲ್ಲಿ ಎಲ್ಲಿ ಬೇಕಾದ್ರೂ ಹುಡುಕಬಹುದಾ?

ಇಲ್ಲ. ಪ್ರತಿ ಹೊಲಕ್ಕೂ ಯಜಮಾನನ ಒಪ್ಪಿಗೆ ಬೇಕು. ಸಿಕ್ಕಿದ್ದನ್ನು ಹೇಗೆ ಹಂಚಿಕೊಳ್ಳುವುದು ಅನ್ನುವುದನ್ನೂ ಮೊದಲೇ ಕಾಗದದ ಮೇಲೆ ಬರೆದುಕೊಳ್ಳಿ. ರಕ್ಷಿತ ಸ್ಮಾರಕಗಳ ಜಾಗದಲ್ಲಿ, 1979ರ ಕಾಯಿದೆಯಂತೆ, ವಿಶೇಷ ಅನುಮತಿ ಇಲ್ಲದೆ ಡಿಟೆಕ್ಟರ್ ಬಳಸುವಂತಿಲ್ಲ. ಸ್ಕಾಟ್ಲೆಂಡ್, ಉತ್ತರ ಐರ್ಲೆಂಡಿನ ನಿಯಮ ಬೇರೆ. ಐರ್ಲೆಂಡ್ ಗಣರಾಜ್ಯದಲ್ಲಂತೂ ಸರ್ಕಾರದ ಒಪ್ಪಿಗೆ ಇಲ್ಲದೆ ಪ್ರಾಚೀನ ವಸ್ತು ಹುಡುಕುವುದೇ ಅಪರಾಧ.

ಪೇಟೆಯಲ್ಲಿ ಓಡಾಡಬೇಕಾದ ಖೋಟಾ ಕಾಸು ಹೊಲಕ್ಕೆ ಹೇಗೆ ಬಂತು?

ಕೆಲವು ಜೇಬಿನಿಂದ ಬಿದ್ದವು. ಕೊಯ್ಲಿನ ಕಾಲದಲ್ಲಿ ನೂರಾರು ಜನ ಬಗ್ಗಿ ಕೆಲಸ ಮಾಡುತ್ತಿದ್ದ ನೆಲ ಅದು. ಇನ್ನು ಕೆಲವು ಗೊಬ್ಬರದ ಜೊತೆ ಬಂದವು. ಊರಿನ ಕಸ, ಕಕ್ಕಸಿನ ಮಣ್ಣು, ಲಾಯದ ಸಗಣಿ ಎಲ್ಲವನ್ನೂ ಗಾಡಿಯಲ್ಲಿ ತಂದು ಹೊಲಕ್ಕೆ ಚೆಲ್ಲುತ್ತಿದ್ದರು. ಸಿಕ್ಕಿಬೀಳುವ ಭಯದಿಂದ ಬೇಕಂತಲೇ ಎಸೆದವೂ ಇರಬಹುದು.

## ಹುಡುಕುವುದು, ಗುರುತಿಸುವುದು

ಡಿಟೆಕ್ಟರ್ ಸದ್ದು ಕೇಳಿಯೇ ಖೋಟಾ ಅಂತ ಹೇಳಬಹುದಾ?

ಆಗುವುದಿಲ್ಲ. ಯಂತ್ರಕ್ಕೆ ಗೊತ್ತಾಗುವುದು ಲೋಹ ಎಷ್ಟು ಚೆನ್ನಾಗಿ ವಿದ್ಯುತ್ ಹರಿಸುತ್ತದೆ ಮತ್ತು ಎಷ್ಟು ದೊಡ್ಡದಿದೆ ಅನ್ನುವುದು ಮಾತ್ರ. ಒಳ್ಳೆಯ ತಾಮ್ರದ ಖೋಟಾ ಅಸಲಿಯಂತೆಯೇ ಕೂಗುತ್ತದೆ. ಸೀಸ, ತವರ ಬೆರೆಸಿದ್ದು ಮಧ್ಯಮ ಸ್ವರ ಕೊಡುತ್ತದೆ. ತಗಡಿನ ಚೂರು, ಬಂದೂಕಿನ ಸೀಸದ ಗುಂಡು ಕೂಡ ಅದೇ ಸ್ವರದಲ್ಲಿ ಕೇಳುತ್ತವೆ. ಹೀಗಾಗಿ ಮಧ್ಯದ ಸ್ವರಗಳನ್ನು ಯಂತ್ರದಲ್ಲಿ ಮುಚ್ಚಿಬಿಟ್ಟರೆ ಸೀಸದ ಖೋಟಾಗಳೆಲ್ಲ ನೆಲದಲ್ಲೇ ಉಳಿಯುತ್ತವೆ. ತಾಳ್ಮೆ ಇರುವವರು ಆ ಸ್ವರಗಳನ್ನೂ ಅಗೆಯಬೇಕು.

ಯಾವ ಕಾಲದ ಖೋಟಾ ಜಾಸ್ತಿ ಸಿಗುತ್ತೆ?

ಮೂರನೇ ಜಾರ್ಜ್ ರಾಜನ ಕಾಲದ ಅರ್ಧ ಪೆನ್ನಿಗಳು ಎಲ್ಲಕ್ಕಿಂತ ಜಾಸ್ತಿ. ಆಗ ಟಂಕಸಾಲೆಗೆ ಚಿಲ್ಲರೆ ಕಾಸಿನ ಮೇಲೆ ಗಮನವೇ ಇರಲಿಲ್ಲ. ಹೊಸ ಕಾರ್ಖಾನೆಗಳಿಗೆ ವಾರದ ಕೂಲಿ ಕೊಡಲು ಕಾಸು ಬೇಕಿತ್ತು. ಬರ್ಮಿಂಗ್‌ಹ್ಯಾಮಿನಲ್ಲಿ ಗುಂಡಿ, ಬಕಲ್ ಮಾಡುವವರ ಹತ್ತಿರ ಅಚ್ಚು ಒತ್ತುವ ಯಂತ್ರ ಇತ್ತು, ತಾಮ್ರವೂ ಇತ್ತು. ಕೆಲವು ಮಾಲೀಕರು ಖೋಟಾ ಕಾಸನ್ನು ಅಗ್ಗಕ್ಕೆ ಕೊಂಡು ಕೂಲಿಯಾಗಿ ಕೊಟ್ಟರು. ಪೆಟ್ಟು ಬಿದ್ದದ್ದು ಕೂಲಿಯವನಿಗೆ.

ಅದಕ್ಕಿಂತ ಹಿಂದಿನವೂ ಇವೆ. ರೋಮನ್ನರ ಕಾಲದ, ತಾಮ್ರದ ಮೇಲೆ ಬೆಳ್ಳಿ ಹೊದಿಸಿದ ಡಿನೇರಿಯಸ್ (ಅಸಲಿಯಾದರೆ ಅದು ಬೆಳ್ಳಿ ನಾಣ್ಯ) ಆಗಾಗ ಸಿಗುತ್ತದೆ. ಕ್ರಿಸ್ತಶಕ 270, 280ರ ದಶಕಗಳ ಪುಟಾಣಿ ನಕಲುಗಳೂ ಬಹಳ. ರಾಜನ ತಲೆ ಅನ್ನುವುದು ಒಂದು ಉಬ್ಬು, ಎರಡು ಗೀಟು, ಸುತ್ತ ಓದಲಾಗದ ಅಕ್ಷರ. 1299ರ ಹೊತ್ತಿಗೆ ಇಂಗ್ಲೆಂಡಿಗೆ ಸಮುದ್ರದಾಚೆಯಿಂದ ನುಗ್ಗಿದ ‘ಪೊಲಾರ್ಡ್’, ‘ಕ್ರಾಕಾರ್ಡ್’ ಅನ್ನುವ ಹಗುರ ಪೆನ್ನಿಗಳನ್ನು ಒಂದನೇ ಎಡ್ವರ್ಡ್ ನಿಷೇಧಿಸಿದ. ಅವೂ ಒಮ್ಮೊಮ್ಮೆ ಕಣ್ಣಿಗೆ ಬೀಳುತ್ತವೆ. ತೀರಾ ಇತ್ತೀಚಿನದು ಒಂದು ಪೌಂಡಿನ ಗುಂಡು ನಾಣ್ಯ. 2014ರ ಹೊತ್ತಿಗೆ ಅದರಲ್ಲಿ ನೂರಕ್ಕೆ ಸುಮಾರು 3 ಖೋಟಾ ಅಂತ ರಾಯಲ್ ಮಿಂಟಿನ ಅಂದಾಜಿತ್ತು. 2017ರ ಅಕ್ಟೋಬರ್ 15ರಂದು ಅದರ ಚಲಾವಣೆ ನಿಂತಿತು.

ಕೈಗೆ ಬಂದ ಅರ್ಧ ಪೆನ್ನಿ ಖೋಟಾ ಅಂತ ಹೇಗೆ ಪತ್ತೆ ಮಾಡ್ತೀರಿ?

ಮೊದಲು ಇಸವಿ ನೋಡಿ. ಮೂರನೇ ಜಾರ್ಜ್ ಕಾಲದಲ್ಲಿ ಬ್ರಿಟಾನಿಯಾ (ಬ್ರಿಟನ್ನನ್ನು ಹೆಣ್ಣಾಗಿ ತೋರಿಸುವ ರೂಪ) ಚಿತ್ರದ ಅಧಿಕೃತ ಅರ್ಧ ಪೆನ್ನಿ ಹೊರಟದ್ದು 1770ರಿಂದ 1775ರವರೆಗೆ, ಆಮೇಲೆ 1799ರಲ್ಲಿ ಮತ್ತು 1806, 1807ರಲ್ಲಿ. ನಡುವಿನ ಯಾವುದೇ ಇಸವಿ ಇದ್ದರೆ, ಉದಾಹರಣೆಗೆ 1776 ಅಥವಾ 1787, ಅದು ರಾಜನ ಟಂಕಸಾಲೆಯ ಚಲಾವಣೆ ನಾಣ್ಯ ಅಲ್ಲ.

ಆಮೇಲೆ ತೂಕ. 1775ರವರೆಗಿನ ಅಸಲಿ ಅರ್ಧ ಪೆನ್ನಿ ಒಂದು ಪೌಂಡ್ ತಾಮ್ರಕ್ಕೆ 46ರ ಲೆಕ್ಕ, ಅಂದರೆ ಸುಮಾರು 9.9 ಗ್ರಾಂ. ಖೋಟಾ ಹೆಚ್ಚಾಗಿ 5ರಿಂದ 8 ಗ್ರಾಂ ಒಳಗೆ ಇರುತ್ತದೆ. ಆದರೆ ಮಣ್ಣಿನಲ್ಲಿ ಸವೆದ ಅಸಲಿಯೂ ಹಗುರವಾಗಿರುತ್ತದೆ, ಅದಕ್ಕೆ ತೂಕವೊಂದನ್ನೇ ನಂಬಬೇಡಿ.

ಮೂರನೆಯದು ಕೈಬರಹ, ಅಂದರೆ ಕೆತ್ತನೆ. ನನ್ನ ಹತ್ತಿರ ಇರುವ ಒಂದನ್ನೇ ವಿವರಿಸುತ್ತೇನೆ. 1775 ಅಂತ ಇದೆ. ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ನೋಡಿದರೆ ರಾಜನ ಕೆನ್ನೆ ಚಪ್ಪಟೆ, ಕಣ್ಣು ಒಂದು ಚುಕ್ಕೆ, ತಲೆಯ ಎಲೆಮಾಲೆ ಬರೀ ಮೂರು ಅಡ್ಡಗೀಟು. ಅಕ್ಷರಗಳು ಒಂದಕ್ಕೊಂದು ತಾಗಿ ಕೊನೆಯಲ್ಲಿ ಇಕ್ಕಟ್ಟಾಗಿವೆ. ಕೆತ್ತಿದವನು ಜಾಗದ ಅಂದಾಜು ಮಾಡಿರಲಿಲ್ಲ. ಹಿಂಬದಿಯ ಬ್ರಿಟಾನಿಯಾ ಎಷ್ಟು ಮಸುಕೆಂದರೆ ಮೊದಲ ದಿನದಿಂದಲೇ ಸವೆದಂತೆ ಕಾಣಲಿ ಅಂತ ಅಚ್ಚನ್ನೇ ತೆಳುವಾಗಿ ಕೆತ್ತಿದ್ದಾನೆ. ಹೊಸ ಕಾಸು ಕಂಡರೆ ಅಂಗಡಿಯವನಿಗೆ ಅನುಮಾನ ಬರುತ್ತಿತ್ತು, ಹಳೆಯದಾದರೆ ಸುಮ್ನೆ ತೆಗೆದುಕೊಳ್ಳುತ್ತಿದ್ದ. ಆ ಚಾಲಾಕಿತನ ಇವತ್ತಿಗೂ ಅಂಗೈ ಮೇಲೆ ಕಾಣುತ್ತದೆ!

ಎರಕ ಹೊಯ್ದದ್ದಾದರೆ ಗುರುತು ಬೇರೆ. ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳು, ಅಂಚಿನ ಸುತ್ತ ಎರಡು ಅಚ್ಚು ಕೂಡಿದ ಗೆರೆ, ಒಂದು ಕಡೆ ಅರ ಹಾಕಿ ಉಜ್ಜಿದ ಜಾಗ.

ನನ್ನ ನಾಣ್ಯದಲ್ಲಿ ‘ಜಾರ್ಜ್ ರೂಲ್ಸ್’ ಅಂತ ಬರೆದಿದೆ. ಇದೇನು ಕಾಗುಣಿತದ ತಪ್ಪಾ?

ತಪ್ಪಲ್ಲ, ಬೇಕಂತಲೇ ಬರೆದದ್ದು. ‘ಇವೇಷನ್’ (ಕಾನೂನಿನಿಂದ ನುಣುಚಿಕೊಳ್ಳುವುದು) ಅಂತ ಕರೆಯುವ ಜಾತಿ ಇದು, 1790ರ ದಶಕದ್ದು. ರಾಜನ ಹೆಸರಿನ ಲ್ಯಾಟಿನ್ ಬರಹವನ್ನು ಇದ್ದ ಹಾಗೇ ನಕಲು ಮಾಡಿದರೆ ಶಿಕ್ಷೆ. ನಾಲ್ಕು ಅಕ್ಷರ ಬದಲಿಸಿದರೆ ‘ಇದು ರಾಜನ ನಾಣ್ಯವೇ ಅಲ್ಲ’ ಅಂತ ವಾದಿಸಬಹುದು. ಓದು ಬಾರದ ಗಿರಾಕಿಗೆ ತಲೆ, ಬ್ರಿಟಾನಿಯಾ ಕಂಡರೆ ಸಾಕಿತ್ತು. ಸಿಕ್ಕರೆ ಜೋಪಾನ ಮಾಡಿ.

ಬೆಳ್ಳಿ ನಾಣ್ಯ ಅಂದ್ಕೊಂಡೆ, ಆದ್ರೆ ಅಲ್ಲಲ್ಲಿ ಹಸಿರು ಗುಳ್ಳೆ ಎದ್ದಿದೆ. ಯಾಕೆ?

ಒಳಗೆ ತಾಮ್ರ ಇದೆ. ರೋಮನ್ ಕಾಲದ ಖೋಟಾಗಾರ ತಾಮ್ರದ ಬಿಲ್ಲೆಗೆ ತೆಳು ಬೆಳ್ಳಿ ಹಾಳೆ ಸುತ್ತಿ ಕಾಯಿಸುತ್ತಿದ್ದ. ಬೆಳ್ಳಿಯೂ ತಾಮ್ರವೂ ಸೇರುವ ಕಡೆ ಸುಮಾರು 780 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತವೆ. ಎರಡೂ ಲೋಹ ಬಿಡಿಯಾಗಿ ಕರಗಲು ಬೇಕಾದ ಶಾಖಕ್ಕಿಂತ ಇದು ಎಷ್ಟೋ ಕಡಿಮೆ. ಹಾಗಾಗಿ ಬೇರೆ ಬೆಸುಗೆ ಇಲ್ಲದೆಯೇ ಹಾಳೆ ಕಚ್ಚಿಕೊಳ್ಳುತ್ತಿತ್ತು. ಆಮೇಲೆ ಅಚ್ಚು ಒತ್ತುತ್ತಿದ್ದ. ಬೆಳ್ಳಿ ಮಿಠಾಯಿ ಮೇಲಿನ ವರ್ಖಿನಂತೆ ತೋರಿಕೆಗಷ್ಟೇ. ನೆಲದ ತೇವ ಒಂದು ಸಣ್ಣ ಬಿರುಕಿನಲ್ಲಿ ಇಳಿದರೆ ತಾಮ್ರ ಉಬ್ಬಿ, ಬೆಳ್ಳಿಯನ್ನು ಒಳಗಿನಿಂದಲೇ ಸೀಳುತ್ತದೆ. ಆ ಗುಳ್ಳೆಯನ್ನು ಉಗುರಿನಿಂದ ಕೆರೆಯಬೇಡಿ. ಸುತ್ತಲಿನ ಬೆಳ್ಳಿಯೂ ಎದ್ದು ಬರುತ್ತದೆ.

## ಜೋಪಾನ ಮಾಡುವುದು

ಅಮ್ಮ ಹಿತ್ತಾಳೆ ಪಾತ್ರೆ ಹುಣಸೆಹಣ್ಣಲ್ಲಿ ತಿಕ್ತಾರೆ, ಫಳಫಳ ಹೊಳೆಯುತ್ತೆ. ನಾಣ್ಯಕ್ಕೂ ಹಾಗೇ ಮಾಡಬಹುದಾ?

ಖಂಡಿತ ಬೇಡ. ಹುಣಸೆ, ನಿಂಬೆ, ವಿನೆಗರ್, ಕೋಲಾ ಎಲ್ಲವೂ ಹುಳಿ. ಹುಳಿ ತಾಮ್ರದ ಮೇಲಿನ ಪದರವನ್ನು ಕರಗಿಸುತ್ತದೆ. ಮಣ್ಣಿನಲ್ಲಿದ್ದ ನಾಣ್ಯದಲ್ಲಿ ಅಕ್ಷರ, ಚಿತ್ರ ಉಳಿದಿರುವುದು ಎಷ್ಟೋ ಸಲ ಆ ಪದರದಲ್ಲೇ. ಅದು ಹೋದರೆ ಕೆಳಗೆ ಬೋಳು ಲೋಹ. ಬೆಳ್ಳಿ ಹೊದಿಸಿದ್ದಾದರೆ ಹುಳಿ ಬಿರುಕಿನಲ್ಲಿ ನುಗ್ಗಿ ತಾಮ್ರ ತಿಂದು, ಬೆಳ್ಳಿ ಸಿಪ್ಪೆಯಾಗಿ ಉದುರುತ್ತದೆ. ವಿದ್ಯುತ್ ಹರಿಸಿ ಸ್ವಚ್ಛ ಮಾಡುವ ವಿಧಾನವೂ ಇಷ್ಟೇ ಅಪಾಯ. ಬೆಳ್ಳಿ ಪಾಲಿಶ್, ಟೂತ್‌ಪೇಸ್ಟ್, ಅಡಿಗೆ ಸೋಡ, ಸ್ಟೀಲ್ ಉಜ್ಜುಗ ಯಾವುದೂ ಬೇಡ.

ಹಾಗಾದ್ರೆ ತೊಳೆಯೋದು ಹೇಗೆ?

ಹೊಲದಲ್ಲಿ ಬೆರಳಿನಿಂದ ಉಜ್ಜಬೇಡಿ. ಮಣ್ಣಿನ ಮರಳು ಕಣವೇ ಉಪ್ಪುಕಾಗದದ ಕೆಲಸ ಮಾಡುತ್ತದೆ. ಒಂದು ಸಣ್ಣ ಡಬ್ಬಿಯಲ್ಲಿ ಬಿಡಿಯಾಗಿ ಹಾಕಿ ಮನೆಗೆ ತನ್ನಿ. ತಾಮ್ರದ ಗಟ್ಟಿ ನಾಣ್ಯವಾದರೆ ಬಟ್ಟಿ ಇಳಿಸಿದ ನೀರಿನಲ್ಲಿ ಸ್ವಲ್ಪ ನೆನೆಸಿ, ಮೆತ್ತನೆ ಕುಂಚದಿಂದ ಮಣ್ಣು ಸಡಿಲಿಸಿ. ಬಿಗಿ ಹಿಡಿದ ಮಣ್ಣಿಗೆ ಮಸೂರದಡಿ ಮರದ ಹಲ್ಲುಕಡ್ಡಿ. ಆಮೇಲೆ ಪೂರ್ತಿ ಒಣಗಿಸಿ. ಬೆಳ್ಳಿ ಎದ್ದಿರುವ ನಾಣ್ಯವನ್ನು ನೆನೆಸಲೇಬಾರದು. ಒಣಗಲು ಬಿಟ್ಟು, ತಾನಾಗಿ ಉದುರುವಷ್ಟು ಮಣ್ಣನ್ನು ಮಾತ್ರ ಕುಂಚದಿಂದ ತೆಗೆಯಿರಿ. ಬೆಳ್ಳಿಯ ಚೂರು ಅಲ್ಲಾಡುತ್ತಿದ್ದರೆ ನಿಲ್ಲಿಸಿ, ಸಂರಕ್ಷಣೆ ಕಲಿತವರಿಗೆ ಕೊಡಿ. ಅವರು ಅಸಿಟೋನಿನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ಅನ್ನುವ ಅಂಟಿನಿಂದ ಅದನ್ನು ಕೂರಿಸುತ್ತಾರೆ. ಬೇಕಾದಾಗ ಆ ಅಂಟನ್ನು ತೆಗೆಯಲೂ ಬರುತ್ತದೆ.

ಮನೆಗೆ ತಂದಾಗ ಚೆನ್ನಾಗಿತ್ತು, ಈಗ ತಿಳಿಹಸಿರು ಪುಡಿ ಉದುರ್ತಿದೆ. ಏನು ಮಾಡ್ಲಿ?

ಇದಕ್ಕೆ ಕಂಚಿನ ರೋಗ ಅನ್ನುತ್ತಾರೆ. ಮಣ್ಣಿನ ಉಪ್ಪಿನಿಂದ ಬಂದ ಕ್ಲೋರೈಡ್ ತಾಮ್ರದೊಳಗೆ ಕೂತಿರುತ್ತದೆ. ಗಾಳಿಯ ತೇವ ತಾಗಿದರೆ ಮತ್ತೆ ಕೆಲಸ ಶುರು ಮಾಡುತ್ತದೆ. ಗಟ್ಟಿಯಾಗಿ ಕೂತ ಕಡುಹಸಿರು ಒಳ್ಳೆಯದು, ಅದನ್ನು ಬಿಡಿ. ಮೆತ್ತಗಿನ, ಪುಡಿಯಾಗುವ ತಿಳಿಹಸಿರು ಕೆಟ್ಟದ್ದು. ಆ ನಾಣ್ಯವನ್ನು ಕೂಡಲೇ ಉಳಿದವುಗಳಿಂದ ಬೇರೆ ಮಾಡಿ, ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ. ತೇವಾಂಶ ನೂರಕ್ಕೆ 40ಕ್ಕಿಂತ ಕೆಳಗಿದ್ದರೆ ಹೆಚ್ಚಾಗಿ ಶಾಂತವಾಗುತ್ತದೆ. ಮುಂದಿನ ಚಿಕಿತ್ಸೆಗೆ ರಾಸಾಯನಿಕ ಬೇಕು. ಖೋಟಾದ ಮಿಶ್ರಲೋಹದಲ್ಲಿ ಏನೇನಿದೆ ಅಂತ ಗೊತ್ತಿಲ್ಲದೆ ಅದನ್ನು ಮನೆಯಲ್ಲಿ ಮಾಡಬೇಡಿ.

ಸೀಸದ ಖೋಟಾ ಮುಟ್ಟಿದ್ರೆ ಅಪಾಯನಾ?

ಮುಟ್ಟಿದ ಕೂಡಲೇ ಏನೂ ಆಗದು. ಆದರೆ ಅದರ ಮೇಲಿನ ಬಿಳಿ ಪುಡಿ ಬಾಯಿಗೆ, ಮೂಗಿಗೆ ಹೋಗಬಾರದು. ಕೈಗವಸು ಹಾಕಿ, ಆಮೇಲೆ ಸೋಪಿನಲ್ಲಿ ಕೈ ತೊಳೆಯಿರಿ, ಮಕ್ಕಳಿಗೆ ಕೊಡಬೇಡಿ. ಓಕ್ ಮರದ ಪೆಟ್ಟಿಗೆ, ರಟ್ಟಿನ ಡಬ್ಬಿ ಸೀಸಕ್ಕೆ ಶತ್ರು. ಅವು ಬಿಡುವ ಹುಳಿ ಆವಿಯಿಂದ ಸೀಸ ಬಿಳಿ ಪುಡಿಯಾಗಿ ಕರಗಿಹೋಗುತ್ತದೆ.

ಆಲ್ಬಮ್ಮಿನ ಪ್ಲಾಸ್ಟಿಕ್ ಜೇಬಲ್ಲಿ ಇಡಬಹುದಾ?

ಪಿವಿಸಿ ಆದರೆ ಬೇಡ. ವರ್ಷ ಕಳೆದಂತೆ ಅದು ಹುಳಿ ಬಿಟ್ಟು ನಾಣ್ಯದ ಮೇಲೆ ಹಸಿರು ಜಿಡ್ಡು ಕಟ್ಟುತ್ತದೆ. ಪಾಲಿಥೀನ್, ಪಾಲಿಯೆಸ್ಟರ್ ಹಾಳೆ, ಆಮ್ಲ ಇಲ್ಲದ ಕಾಗದ ಸರಿ. ಒಂದು ಜೇಬಿಗೆ ಒಂದೇ ನಾಣ್ಯ, ಜೊತೆಗೆ ಚೀಟಿ.

## ಇನ್ನೂ ಆಳಕ್ಕೆ ಹೋಗುವವರಿಗೆ

ಅರ ಹಾಕದೆ, ಕತ್ತರಿಸದೆ ಒಳಗಿನ ಲೋಹ ತಿಳಿಯೋದು ಹೇಗೆ?

ನಮ್ಮ ಚಿನಿವಾರರು ಅನುಮಾನ ಬಂದ ರೂಪಾಯಿಗೆ ಉಳಿಯಿಂದ ಗುರುತು ಹೊಡೆಯುತ್ತಿದ್ದರು. ಹಳೆಯ ಬೆಳ್ಳಿ ರೂಪಾಯಿಗಳ ಮೇಲೆ ಆ ಗುರುತು ಇಂದಿಗೂ ಇದೆ. ನೀವು ಹಾಗೆ ಮಾಡಬೇಡಿ. ನೀರು ಸಾಕು. ನಾಣ್ಯವನ್ನು ಗಾಳಿಯಲ್ಲಿ ತೂಗಿ, ಆಮೇಲೆ ತೆಳು ದಾರದಲ್ಲಿ ನೀರೊಳಗೆ ತೂಗುಬಿಟ್ಟು ತೂಗಿ. ಗಾಳಿಯಲ್ಲಿ ಬಂದ ತೂಕವನ್ನು ಎರಡರ ವ್ಯತ್ಯಾಸದಿಂದ ಭಾಗಿಸಿ. ನಾಣ್ಯ ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವುದು ಸಿಗುತ್ತದೆ. 3.00 ಗ್ರಾಂ ನಾಣ್ಯ ನೀರಲ್ಲಿ 0.29 ಗ್ರಾಂ ಕಳೆದುಕೊಂಡರೆ ಉತ್ತರ 10.3, ಒಳ್ಳೆಯ ಬೆಳ್ಳಿಯ ಹತ್ತಿರ. 0.33 ಕಳೆದುಕೊಂಡರೆ 9.1, ಅಂದರೆ ಒಳಗೆ ತಾಮ್ರ. ಇಷ್ಟು ಚಿಕ್ಕ ನಾಣ್ಯದಲ್ಲಿ 0.01 ಗ್ರಾಂ ಹೆಚ್ಚುಕಡಿಮೆಯಾದರೂ ಉತ್ತರ ಓಡಾಡುತ್ತದೆ, ಹಾಗಾಗಿ ಹಲವು ಸಲ ತೂಗಿ. ಬಿರುಕು ಬಿಟ್ಟ ನಾಣ್ಯಕ್ಕೆ ಇದು ಬೇಡ.

ಖೋಟಾಗಳೇ ತುಂಬಿದ ಗಂಟು ಸಿಕ್ಕಿದ್ರೆ ಸರ್ಕಾರಕ್ಕೆ ತಿಳಿಸಬೇಕಾ?

ತಿಳಿಸಬೇಕಾಗಬಹುದು. ಇಂಗ್ಲೆಂಡ್, ವೇಲ್ಸಿನಲ್ಲಿ 1996ರ ಟ್ರೆಜರ್ ಕಾಯಿದೆ ನಡೆಯುತ್ತದೆ. ಒಂದೇ ಕಡೆ ಸಿಕ್ಕ, 300 ವರ್ಷ ದಾಟಿದ ಎರಡು ನಾಣ್ಯಗಳಲ್ಲಿ ತೂಕದ ನೂರಕ್ಕೆ 10 ಭಾಗವಾದರೂ ಬೆಳ್ಳಿ ಅಥವಾ ಚಿನ್ನ ಇದ್ದರೆ ಅದು ಟ್ರೆಜರ್, ಅಂದರೆ ನಿಧಿ. ಅಷ್ಟು ಇಲ್ಲದಿದ್ದರೆ ಹತ್ತು ನಾಣ್ಯ ಬೇಕು. ಖೋಟಾಗಳು ಹೆಚ್ಚಾಗಿ ಈ ಎರಡನೇ ಸಾಲಿಗೆ ಬೀಳುತ್ತವೆ. ಗೊತ್ತಾದ 14 ದಿನದೊಳಗೆ ಕಾರನರ್‌ಗೆ (ನಿಧಿಯ ವಿಚಾರಣೆ ನಡೆಸುವ ಅಧಿಕಾರಿ) ವರದಿ ಹೋಗಬೇಕು. ಗಂಟು ಕಂಡರೆ ಅಗೆಯುವುದನ್ನು ನಿಲ್ಲಿಸಿ, ಜಿಲ್ಲೆಯ ಫೈಂಡ್ಸ್ ಲಿಯೇಸನ್ ಆಫೀಸರ್‌ಗೆ (ಜನರಿಗೆ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸುವ ಅಧಿಕಾರಿ) ಫೋನ್ ಮಾಡಿ. ಒಂಟಿ ನಾಣ್ಯಕ್ಕೆ ಸಾಮಾನ್ಯವಾಗಿ ಈ ಕಡ್ಡಾಯ ಇಲ್ಲ. ಆದರೂ ಹಳೆಯದಾದರೆ ಆ ಅಧಿಕಾರಿಗಳು ನಡೆಸುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಅನ್ನುವ ಯೋಜನೆಯಲ್ಲಿ ದಾಖಲಿಸಿ.

ಖೋಟಾ ಇಟ್ಕೊಂಡಿದ್ದಕ್ಕೆ ಪೊಲೀಸರು ಹಿಡಿಯೋದಿಲ್ವಾ?

ಚಲಾವಣೆಯಲ್ಲಿಲ್ಲದ 18ನೇ ಶತಮಾನದ ಕಾಸಿಗೆ ಚಿಂತೆ ಬೇಡ. ಈಗ ಓಡುವ ನಾಣ್ಯದ ಖೋಟಾ ಸಿಕ್ಕರೆ ಸುಮ್ನೆ ಖರ್ಚು ಮಾಡಲು ಹೋಗಬೇಡಿ, ಅದು 1981ರ ಕಾಯಿದೆಯಲ್ಲಿ ಅಪರಾಧ. ಪೊಲೀಸರಿಗೆ ಒಪ್ಪಿಸಿ.

ಆಗ ಸಿಕ್ಕಿಬಿದ್ದವರಿಗೆ ಏನಾಗ್ತಿತ್ತು?

ಚಿನ್ನ, ಬೆಳ್ಳಿ ನಾಣ್ಯದ ಖೋಟಾ ರಾಜದ್ರೋಹ. ಗಂಡಸರಿಗೆ ನೇಣು, ಹೆಂಗಸರಿಗೆ ಬೆಂಕಿ. ವಿಜ್ಞಾನಿ ಐಸಾಕ್ ನ್ಯೂಟನ್ 1696ರಲ್ಲಿ ಟಂಕಸಾಲೆಯ ವಾರ್ಡನ್ ಆದ ಮೇಲೆ ಖೋಟಾಗಾರ ವಿಲಿಯಂ ಚಾಲೊನರ್‌ನ ಬೆನ್ನುಹತ್ತಿ, 1699ರಲ್ಲಿ ನೇಣಿಗೇರುವ ತನಕ ಬಿಡಲಿಲ್ಲ. ಯಾರ್ಕ್‌ಷೈರಿನ ಕ್ರಾಗ್ ವೇಲ್ ಕಣಿವೆಯಲ್ಲಿ ನೇಕಾರರು ಚಿನ್ನದ ನಾಣ್ಯದ ಅಂಚು ಕತ್ತರಿಸಿ, ಆ ಚೂರಿನಿಂದ ಹೊಸ ನಾಣ್ಯ ಮಾಡುತ್ತಿದ್ದರು. ಅವರ ನಾಯಕ ಡೇವಿಡ್ ಹಾರ್ಟ್ಲಿಯನ್ನು 1770ರಲ್ಲಿ ಯಾರ್ಕಿನಲ್ಲಿ ಗಲ್ಲಿಗೇರಿಸಿದರು. 1789ರ ಮಾರ್ಚಿನಲ್ಲಿ ಲಂಡನ್ನಿನ ನ್ಯೂಗೇಟ್ ಮುಂದೆ ಕ್ಯಾಥರಿನ್ ಮರ್ಫಿ ಅನ್ನುವವಳನ್ನು ನೇಣು ಹಾಕಿ, ಆಮೇಲೆ ಸುಟ್ಟರು. ಮುಂದಿನ ವರ್ಷ ಸುಡುವ ಶಿಕ್ಷೆ ರದ್ದಾಯಿತು. ತಾಮ್ರದ ಕಾಸಿಗೆ ಶಿಕ್ಷೆ ಇಷ್ಟು ಕ್ರೂರ ಇರಲಿಲ್ಲ. ಹೊಲದಲ್ಲಿ ತಾಮ್ರದ ಖೋಟಾ ಇಷ್ಟೊಂದು ಸಿಗಲು ಅದೂ ಒಂದು ಕಾರಣ.

ಈ ಹಾವಳಿ ನಿಂತಿದ್ದು ಹೇಗೆ? ನಮ್ಮ ದೇಶಕ್ಕೆ ಏನಾದ್ರೂ ನಂಟಿದೆಯಾ?

ಬರ್ಮಿಂಗ್‌ಹ್ಯಾಮ್ ಹತ್ತಿರದ ಸೋಹೋದಲ್ಲಿ ಮ್ಯಾಥ್ಯೂ ಬೌಲ್ಟನ್ ಉಗಿ ಯಂತ್ರದಿಂದ ನಾಣ್ಯ ಒತ್ತುವ ಟಂಕಸಾಲೆ ಕಟ್ಟಿದ. 1797ರಲ್ಲಿ ಅವನು ತಯಾರಿಸಿದ ಪೆನ್ನಿ ಪೂರ್ತಿ ಒಂದು ಔನ್ಸ್ ತಾಮ್ರ, ಎರಡು ಪೆನ್ನಿಯ ನಾಣ್ಯ ಎರಡು ಔನ್ಸ್. ಅಷ್ಟು ತಾಮ್ರ ಹಾಕಿ ಖೋಟಾ ಮಾಡಿದರೆ ಲಾಭ ಎಲ್ಲಿ? ಅದೇ ಸೋಹೋ ಟಂಕಸಾಲೆ ಈಸ್ಟ್ ಇಂಡಿಯಾ ಕಂಪನಿಗಾಗಿ, ಮದ್ರಾಸ್ ಪ್ರಾಂತ್ಯದಲ್ಲಿ ಓಡಿದ 1803, 1808ರ 10 ಮತ್ತು 20 ಕಾಸಿನ ನಾಣ್ಯ ಒತ್ತಿತು. ಅವನ್ನು ಹೊತ್ತು ಹೊರಟ ‘ಅಡ್ಮಿರಲ್ ಗಾರ್ಡ್‌ನರ್’ ಹಡಗು 1809ರಲ್ಲಿ ಕೆಂಟ್ ತೀರದ ಗುಡ್‌ವಿನ್ ಮರಳುದಿಣ್ಣೆಯಲ್ಲಿ ಮುಳುಗಿತು.

ಅಜ್ಜಿ ಪೆಟ್ಟಿಗೆಯಲ್ಲಿ ಹನುಮಂತನ ಚಿತ್ರದ, ‘1818 ಈಸ್ಟ್ ಇಂಡಿಯಾ ಕಂಪನಿ’ ನಾಣ್ಯ ಇದೆ. ಕೋಟಿ ಬೆಲೆ ಅಂತಾರೆ, ನಿಜನಾ?

ನಿಜ ಅಲ್ಲ. ರಾಮನ ಪಟ್ಟಾಭಿಷೇಕ, ಹನುಮಂತ ಇರುವ ಆ ಇಸವಿಯ ತಾಮ್ರದ ಬಿಲ್ಲೆಗಳು ಕಂಪನಿಯ ಚಲಾವಣೆ ನಾಣ್ಯಗಳಲ್ಲ, ಆಮೇಲೆ ಯಾರೋ ಮಾಡಿ ಮಾರಿದವು. ಅಕ್ಕಿ ಕಾಳು ಎಳೆಯುತ್ತದೆ, ‘ರೈಸ್ ಪುಲ್ಲಿಂಗ್’ ಶಕ್ತಿ ಇದೆ ಅಂತ ಯಾರಾದರೂ ಮುಂಗಡ ಕೇಳಿದರೆ ಪೊಲೀಸರಿಗೆ ಹೇಳಿ. ಈ ಮೋಸಕ್ಕೆ ಹೊಲ ಮನೆ ಕಳೆದುಕೊಂಡವರಿದ್ದಾರೆ. ಪೂಜೆಗೆ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಇಲ್ಲಿ ಸಿಕ್ಕಿದ್ದನ್ನ ಊರಿಗೆ ತಗೊಂಡು ಹೋಗಬಹುದಾ?

ಮೊದಲು ಕೇಳಿ. ಬ್ರಿಟನ್ನಿನ ನೆಲದಿಂದ ತೆಗೆದ ಹಳೆಯ ವಸ್ತುವನ್ನು ದೇಶದ ಹೊರಗೆ ಒಯ್ಯಲು ರಫ್ತು ಲೈಸೆನ್ಸ್ ಬೇಕಾಗಬಹುದು. ಅದನ್ನು ಕೊಡುವುದು ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡ್. ಮಾರುವುದಾದರೆ ‘ಆ ಕಾಲದ ಖೋಟಾ’ ಅಂತ ಸ್ಪಷ್ಟವಾಗಿ ಬರೆದೇ ಮಾರಿ.

ಚೀಟಿಯಲ್ಲಿ ಏನೇನು ಬರೀಬೇಕು? ಅಷ್ಟೊಂದು ವಿವರ ಯಾರಿಗೆ ಬೇಕು?

ದಿನಾಂಕ, ನಾಣ್ಯ ಸಿಕ್ಕ ಜಾಗವನ್ನು ನಕ್ಷೆಯಲ್ಲಿ ತೋರಿಸುವ ಎಂಟು ಅಂಕಿಯ ಗ್ರಿಡ್ ಗುರುತು, ಆಳ, ತೂಕ, ಅಡ್ಡಳತೆ, ಎರಡೂ ಬದಿಯ ಫೋಟೋ. ಫೋಟೋಗೆ ಫ್ಲ್ಯಾಶ್ ಬೇಡ, ಬೆಳಕು ಪಕ್ಕದಿಂದ ಬೀಳಲಿ, ಅಳತೆಪಟ್ಟಿ ಜೊತೆಗಿರಲಿ. ಮುಂಬದಿ ಹಿಂಬದಿ ಚಿತ್ರಗಳು ಒಂದಕ್ಕೊಂದು ಯಾವ ಕೋನದಲ್ಲಿವೆ ಅಂತಲೂ ಬರೆಯಿರಿ. ಟಂಕಸಾಲೆ ಅದನ್ನು ಒಂದೇ ಸಮ ಇಡುತ್ತಿತ್ತು, ಖೋಟಾಗಾರ ಹೆಚ್ಚಾಗಿ ಲೆಕ್ಕಿಸುತ್ತಿರಲಿಲ್ಲ.

ಈ ವಿವರ ಬೇಕಾಗುವುದು ಒಂದೇ ಅಚ್ಚಿನ ನಾಣ್ಯಗಳನ್ನು ಜೋಡಿಸುವಾಗ. ಕೈಯಲ್ಲಿ ಕೆತ್ತಿದ ಎರಡು ಅಚ್ಚು ಒಂದೇ ತರ ಇರುವುದಿಲ್ಲ. ಒಂದು ಸೊಟ್ಟ ಅಕ್ಷರ, ಅಚ್ಚಿನಲ್ಲಿ ಬಿದ್ದ ಒಂದು ಬಿರುಕು ಸಾಕು ಗುರುತಿಗೆ. ಒಬ್ಬರಿಗೆ ವಾರ್ವಿಕ್‌ಷೈರಿನಲ್ಲಿ ಸಿಕ್ಕಿದ್ದೂ ಇನ್ನೊಬ್ಬರಿಗೆ ನಾರ್ಫೋಕಿನಲ್ಲಿ ಸಿಕ್ಕಿದ್ದೂ ಒಂದೇ ಅಚ್ಚಿನದಾದರೆ, ಒಂದೇ ಅಡ್ಡೆಯ ಕಾಸು ಅಷ್ಟು ದೂರ ಹರಿದಿದೆ ಅಂತ ಗೊತ್ತಾಗುತ್ತದೆ. ಇಂಥ ಜೋಡಿ ಸಿಕ್ಕಿತು ಅನ್ನಿಸಿದರೆ ಎರಡರ ಫೋಟೋವನ್ನೂ ಒಂದೇ ಅಳತೆಗೆ ತಂದು, ಲಿಯೇಸನ್ ಆಫೀಸರ್‌ಗೆ ಒಟ್ಟಿಗೆ ಕಳಿಸಿ.